ಗೇರ್‌ಬಾಕ್ಸಿನ ಮೇಲೆ ಅತ್ತಿಗೆಯ ಕಾಲು

ನನಗೆ ಈಜು ಬರುವುದಿಲ್ಲ. ಬಕೆಟ್ಟು ತುಂಬಿದ್ದರೆ ಅದರ ಅಂಚು ಹಿಡಿದುಕೊಂಡು ಸ್ನಾನ ಮಾಡುವವರ ಪೈಕಿ ನಾನು. ಇಂಥವನು ತಲೆ ನರೆಯುವ ಹೊತ್ತಿಗೆ ಒಂದು ದೋಣಿ ಕೊಂಡೆ. ಆಫೀಸಿನಲ್ಲಿ ಒಬ್ಬರಿಗೆ ವರ್ಗವಾಗಿತ್ತು. ದೋಣಿಯನ್ನು ಏನು ಮಾಡುವುದೆಂದು ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಸಮಾಧಾನ ಹೇಳಲು ಹೋದ ನಾನು ದೋಣಿಯ ಯಜಮಾನನಾಗಿ ವಾಪಸು ಬಂದೆ. ನಮ್ಮ ಮನೆಯವಳು ಅದಕ್ಕೊಂದು ಸುತ್ತು ಬಂದು, "ಕಂಬಳಿ ನೆನೆಹಾಕೋಕೆ ಚೆನ್ನಾಗಿದೆ" ಎಂದು ಒಳಗೆ ಹೋದಳು.

ದೋಣಿ ಅಂಗಳದಲ್ಲಿ, ಕೆರೆ ಗುಡ್ಡದ ಆಚೆ. ನಡುವೆ ಉದ್ದನೆಯ ಏರುದಾರಿ. ನನ್ನ ಕಾರಿಗೆ ನನ್ನೊಬ್ಬನನ್ನು ಎಳೆಯುವುದಕ್ಕೇ ಏದುಸಿರು ಬರುತ್ತಿತ್ತು. ಹೀಗಾಗಿ ನಾನು ನಮ್ಮ ಬೀದಿಯ ತುದಿಯ ಮನೆಗೆ ಹೋಗಿ ನ್ಯೂಟ್ರಲ್ ಅಣ್ಣನ ಬಾಗಿಲು ತಟ್ಟಬೇಕಾಯಿತು.

ಅವರ ಕಸುಬೇ ಅದು. ನಮ್ಮ ಊರಿನಲ್ಲಿ ಗಾಳಿಯ ತಿಂಗಳುಗಳಲ್ಲಿ ಕೆರೆಗೆ ಯಾರೂ ಇಳಿಯುವುದಿಲ್ಲ. ದೋಣಿಗಳೆಲ್ಲ ಆಗ ಊರೊಳಗಿನ ಶೆಡ್ಡುಗಳಲ್ಲಿ ಮಲಗಿರುತ್ತವೆ. ಗಾಳಿ ನಿಂತ ಮೇಲೆ ಅವನ್ನು ಟ್ರೇಲರಿಗೆ ಏರಿಸಿ, ವ್ಯಾನಿನ ಹಿಂದಿನ ಕೊಂಡಿಗೆ ಸಿಕ್ಕಿಸಿ, ಗುಡ್ಡ ಹತ್ತಿಸಿ ನೀರಿಗೆ ಬಿಡಬೇಕು. ಸೀಸನ್ ಮುಗಿದಾಗ ಅದೇ ದಾರಿಯಲ್ಲಿ ವಾಪಸು ತರಬೇಕು. ಈ ಕೆಲಸ ಮಾಡುವವರು ಬೇರೆಯವರೂ ಇದ್ದರು. ಅಣ್ಣನಷ್ಟು ನಿಧಾನ ಮಾಡುವವರು ಮಾತ್ರ ಯಾರೂ ಇರಲಿಲ್ಲ. ಏರಿನಲ್ಲಿ ನಡುನಡುವೆ ವ್ಯಾನನ್ನು ಪಕ್ಕಕ್ಕೆ ಹಾಕಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ ಆರಿಸದೆ, ಬಾನೆಟ್ ಎತ್ತಿ ನಿಂತುಬಿಡುತ್ತಿದ್ದರು. ಹಿಂದೆ ಬರುತ್ತಿದ್ದ ದೋಣಿಯ ಮಾಲೀಕರು ಇಳಿದು ಬಂದು ಏನಾಯಿತೆಂದು ಕೇಳಿದರೆ, ಏನೂ ಆಗಿಲ್ಲ, ಆಗದಿರಲಿ ಅಂತ ನಿಂತಿದ್ದೀನಿ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಹಾಗೆ. ಬೀದಿಯಲ್ಲಿ ಯಾವ ಜಗಳವಾದರೂ ಅವರು ಯಾರ ಪರವಾಗಿಯೂ ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ಹೆಸರು ಇನ್ನಷ್ಟು ಗಟ್ಟಿಯಾಯಿತು.

ನನ್ನ ದೋಣಿಯನ್ನು ನೋಡಲು ಬಂದವರು ಅದರ ಬಣ್ಣ ನೋಡಲಿಲ್ಲ, ಅಂದ ನೋಡಲಿಲ್ಲ. ಹಿಂದುಗಡೆ ಕುಕ್ಕರಗಾಲಿನಲ್ಲಿ ಕೂತು ತಳದ ಬಿರಡೆ ತೆಗೆದರು. ಮಳೆಗಾಲದ ನೀರೆಲ್ಲ ಭೋರೆಂದು ಅಂಗಳಕ್ಕೆ ಬಂತು.

"ಇದನ್ನೂ ಗುಡ್ಡ ಹತ್ತಿಸಬೇಕಿತ್ತಾ ಸಾರ್?" ಅಂದರು. "ಕೆರೇಲಿ ಬೇಕಾದಷ್ಟಿದೆ."

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವಳಿಗೆ ಅಂದಿನಿಂದ ಅವರ ಮೇಲೆ ಅಪಾರ ಗೌರವ.

ಅವರ ವ್ಯಾನು ಹಳೆಯದು, ಆಟೋಮ್ಯಾಟಿಕ್ ಗೇರಿನದು. ಕ್ಲಚ್ಚು ತುಳಿಯುವ ಕೆಲಸವಿಲ್ಲ, ಆ ಕೆಲಸವನ್ನು ಒಳಗಿನ ಎಣ್ಣೆ ಮಾಡುತ್ತದೆ. ನಾನು ಮೊದಲ ಸಲ ಜೊತೆಗೆ ಹೋದಾಗ ದಾರಿಯುದ್ದಕ್ಕೂ ನನಗೆ ಪಾಠವಾಯಿತು. ಭಾರ ಎಳೆಯುವಾಗ ಆ ಎಣ್ಣೆ ಕಾಯುತ್ತದೆ, ಕಾದ ಎಣ್ಣೆ ತೆಳ್ಳಗಾಗುತ್ತದೆ, ಮಿತಿ ಮೀರಿದರೆ ಸುಡುತ್ತದೆ, ಸುಟ್ಟ ಮೇಲೆ ಗೇರು ಕಚ್ಚುವುದಿಲ್ಲ. ಆದ್ದರಿಂದ ಏರಿನಲ್ಲಿ ಟಾಪ್ ಗೇರಿಗೆ ಬಿಡಬಾರದು, ಕೆಳಗಿನ ಗೇರಿನಲ್ಲೇ ಹಿಡಿದಿಡಬೇಕು. ಆಕ್ಸಿಲರೇಟರನ್ನು ಮೊಟ್ಟೆ ತುಳಿದ ಹಾಗೆ ತುಳಿಯಬೇಕು. ರೇಡಿಯೇಟರಿನ ಮುಂದೆ ಎಣ್ಣೆ ತಣಿಸಲು ಇನ್ನೊಂದು ಪುಟ್ಟ ಕೂಲರು ಇರಬೇಕು. ಇಷ್ಟೆಲ್ಲ ಮಾಡಿಯೂ ಕಾದರೆ ನಿಲ್ಲಿಸಬೇಕು.

"ಎಂಜಿನ್ನು ಮಗ ಇದ್ದ ಹಾಗೆ ಸಾರ್," ಅಂದರು ಅಣ್ಣ. "ಬೈದ್ರೂ ಕೂಗಾಡ್ಕೊಂಡು ಕೆಲಸ ಮಾಡುತ್ತೆ. ಗೇರ್‌ಬಾಕ್ಸು ಅಳಿಯ. ಒಳಗೊಳಗೇ ಕುದೀತಾ ಇರುತ್ತೆ, ಒಂದು ದಿನ ಮಾತಿಲ್ಲದೆ ನಿಂತುಬಿಡುತ್ತೆ."

"ಅಳಿಯಂದಿರನ್ನ ಬಹಳ ಕಂಡವರ ಹಾಗೆ ಮಾತಾಡ್ತಾರೆ," ಎಂದರು ಮುಂದಿನ ಸೀಟಿನಲ್ಲಿದ್ದ ಅವರ ಹೆಂಡತಿ, ನಮಗೆಲ್ಲ ಅತ್ತಿಗೆ. ಅವರಿಗೆ ಮಕ್ಕಳಿರಲಿಲ್ಲ. ಮಗ, ಅಳಿಯ ಇಬ್ಬರೂ ಆ ವ್ಯಾನಿನಲ್ಲೇ ಇದ್ದರು.

ಅಂದು ನನ್ನ ಕಣ್ಣಿಗೆ ಬಿದ್ದ ವಿಚಿತ್ರವೆಂದರೆ ಅತ್ತಿಗೆಯ ಬಲಗಾಲು. ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲಿನಲ್ಲಿ ಇರಲಿಲ್ಲ. ಎರಡು ಸೀಟುಗಳ ನಡುವೆ ಗೇರ್‌ಬಾಕ್ಸಿನ ಮೇಲೆ ಉಬ್ಬಿದ ತಗಡಿಗೆ ಹೊದಿಸಿದ್ದ ರಬ್ಬರ್ ಮ್ಯಾಟಿನಲ್ಲಿ ಪಾದದ ಆಕಾರಕ್ಕೆ ಒಂದು ತೂತು ಕತ್ತರಿಸಿತ್ತು. ಅತ್ತಿಗೆಯ ಬರಿಗಾಲು ಆ ತೂತಿನಲ್ಲಿ, ಬರಿಯ ತಗಡಿನ ಮೇಲೆ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಏರು ಶುರುವಾದ ಸ್ವಲ್ಪ ಹೊತ್ತಿಗೆ ಅವರು ಕಿಟಕಿಯಾಚೆ ನೋಡುತ್ತಲೇ "ಬೆಚ್ಚಗಾಯ್ತು" ಅಂದರು. ಅಣ್ಣ ಒಂದು ಗೇರು ಇಳಿಸಿದರು. ಇನ್ನೊಂದಷ್ಟು ದೂರ ಹೋದ ಮೇಲೆ "ಸಾಕು" ಅಂದರು. ಅಣ್ಣ ಮರುಮಾತಿಲ್ಲದೆ ವ್ಯಾನನ್ನು ಪಕ್ಕಕ್ಕೆ ಹಾಕಿದರು. ಅತ್ತಿಗೆ ಫ್ಲಾಸ್ಕು ತೆರೆದು ಚಹಾ ಬಗ್ಗಿಸಿದರು. ಚಹಾ ಮುಗಿದ ಮೇಲೆ ಮತ್ತೆ ತಗಡಿಗೆ ಕಾಲಿಟ್ಟು ನೋಡಿ "ಹೂಂ" ಅಂದರು. ಹೊರಟೆವು.

ಎಣ್ಣೆಯ ಬಿಸಿ ತೋರಿಸುವ ಮೀಟರು ಹಾಕಿಸಬಾರದೇ ಎಂದು ಕೇಳಿದೆ. ಸ್ವಂತ ದೋಣಿಯ ಬಿರಡೆ ಎಲ್ಲಿದೆ ಎಂದು ತಿಳಿಯದವನು ಇನ್ನೊಬ್ಬರ ಗಾಡಿಗೆ ಸಲಹೆ ಕೊಡುವುದರಲ್ಲಿ ಯಾವತ್ತೂ ಮುಂದು. ಅದಕ್ಕೆ ಅತ್ತಿಗೆ ಕತೆ ಹೇಳಿದರು.

ಮದುವೆಯಾದ ಹೊಸದರಲ್ಲಿ ಅವರು ಮನೆಯಲ್ಲೇ ಇರುತ್ತಿದ್ದರಂತೆ. ಅಣ್ಣ ಬೆಳಕು ಹರಿಯುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುವುದು, ಬಂದವರು ಊಟ ಮಾಡಿ ಮಲಗುವುದು. ಮನೆಯ ಒಂದೇ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ಗೋಡೆಯ ಒಂದೊಂದು ಇಟ್ಟಿಗೆಯೂ ನನಗೆ ಪರಿಚಯವಾಗಿಬಿಟ್ಟಿತ್ತು ಎನ್ನುತ್ತಿದ್ದರು ಅತ್ತಿಗೆ. ಒಂದು ದಿನ ನಾನೂ ಬರುತ್ತೇನೆಂದು ಹಟ ಹಿಡಿದು ವ್ಯಾನು ಹತ್ತಿದರು. ಹತ್ತಿದ ಮೇಲೆ ಗೊತ್ತಾಯಿತು, ಮನೆಯಲ್ಲಿ ಉಪ್ಪು ಬೇಕಾದರೂ ಬೆರಳು ತೋರಿಸುವ ಈ ಮನುಷ್ಯ ಸ್ಟೇರಿಂಗ್ ಹಿಡಿದರೆ ಮಾತಾಡುತ್ತಾನೆ. ಅವರ ಅಪ್ಪನ ವಿಷಯ, ಚಿಕ್ಕಂದಿನಲ್ಲಿ ಕಳೆದುಕೊಂಡ ತಂಗಿಯ ವಿಷಯ, ಯಾವ ದೋಣಿ ಯಾವ ಮಾಲೀಕನ ಕೈಯಲ್ಲಿ ಹಾಳಾಯಿತು ಎಂಬ ವಿಷಯ. ವ್ಯಾನು ಮನೆ ಮುಂದೆ ನಿಂತ ಕೂಡಲೇ ಮಾತೂ ನಿಲ್ಲುತ್ತಿತ್ತು. ಹಾಗಾಗಿ ಅತ್ತಿಗೆ ಮಾರನೆಯ ದಿನವೂ ಹತ್ತಿದರು, ಆಮೇಲೆ ಇಳಿಯಲೇ ಇಲ್ಲ. "ನಂಗೆ ಗಂಡ ಅಂತ ಒಬ್ಬರು ಇರೋದು ಆ ಸೀಟಲ್ಲಿ ಮಾತ್ರ," ಎಂದು ನಮ್ಮ ಮನೆಯವಳ ಹತ್ತಿರ ಒಮ್ಮೆ ನಗುತ್ತಾ ಹೇಳಿದ್ದರು. ನಮ್ಮ ಮನೆಯವಳು ಅದನ್ನು ನನಗೆ ಹೇಳುವಾಗ ನಗಲಿಲ್ಲ.

ಆಗ ವ್ಯಾನಿನಲ್ಲಿ ಮೀಟರಿತ್ತು, ಅಣ್ಣ ಗುಜರಿಯಿಂದ ಹುಡುಕಿ ತಂದದ್ದು. ಒಂದು ಮಧ್ಯಾಹ್ನ ಏರಿನಲ್ಲಿ ಅತ್ತಿಗೆ ಚಪ್ಪಲಿ ಬಿಟ್ಟು ಕೂತಿದ್ದವರು ತಗಡು ಸುಡುತ್ತಿದೆ ಅಂದರು. ಅಣ್ಣ ಮೀಟರು ನೋಡಿದರು. ಮುಳ್ಳು ತಣ್ಣಗೆ ಕೆಳಗೆ ಮಲಗಿತ್ತು. ನಿನಗೇನು ಗೊತ್ತು, ಸುಮ್ಮನಿರು ಅಂದರು. ಅತ್ತಿಗೆ ಸುಮ್ಮನಾದರು. ಸ್ವಲ್ಪ ಹೊತ್ತಿಗೆ ಗೇರ್‌ಬಾಕ್ಸೂ ಸುಮ್ಮನಾಯಿತು. ಮುಳ್ಳು ಮಾತ್ರ ಕೊನೆಯವರೆಗೂ ಕದಲಲಿಲ್ಲ. ಆ ರಿಪೇರಿಯಿಂದ ಚೇತರಿಸಿಕೊಳ್ಳಲು ಅವರಿಗೆ ಇಡೀ ಸೀಸನ್ ಹಿಡಿಯಿತು. ಅಣ್ಣ ಕ್ಷಮೆ ಕೇಳುವ ಪೈಕಿಯವರಲ್ಲ. ಮೀಟರನ್ನು ಕಿತ್ತು ಬಿಸಾಕಿದರು. ಒಂದು ಸಂಜೆ ಅತ್ತಿಗೆಯನ್ನು ವ್ಯಾನಿನಲ್ಲಿ ಕೂರಿಸಿ, ಬಲಗಾಲನ್ನು ಮ್ಯಾಟಿನ ಮೇಲಿಡಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಗಡು ಕತ್ತರಿಸುವ ಕತ್ತರಿಯಿಂದ ಆ ತೂತು ಮಾಡಿದರು. ಇನ್ನು ಮೇಲೆ ನೀನು ಹೇಳಿದ್ದೇ ಮಾತು ಅಂದರು.

ಬೇರೆಯವರು ಹೆಂಡತಿಗೆ ಬಳೆಯೋ ಸರವೋ ಮಾಡಿಸುತ್ತಾರೆ. ಅತ್ತಿಗೆಗೆ ಸಿಕ್ಕಿದ್ದು ರಬ್ಬರಿನಲ್ಲೊಂದು ತೂತು. ಆದರೆ ಆ ತೂತಿನ ವಿಷಯ ಹೇಳುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆಯನ್ನು ನಾನು ಯಾವ ಒಡವೆಯ ಹಿಂದೆಯೂ ಕಂಡಿಲ್ಲ.

ವರ್ಷಗಟ್ಟಲೆ ಹಾಗೇ ನಡೆಯಿತು. ಬೇರೆಯವರ ಗೇರ್‌ಬಾಕ್ಸುಗಳು ಒಂದರ ಮೇಲೊಂದು ಮೇಸ್ತ್ರಿಯ ಮೇಜು ಹತ್ತಿದವು. ಅಣ್ಣನದು ಒಮ್ಮೆಯೂ ಬಿಚ್ಚಿಕೊಳ್ಳಲಿಲ್ಲ. ಗೇರ್‌ಬಾಕ್ಸ್ ಮೇಸ್ತ್ರಿಯಂತೂ, ಎಲ್ಲರೂ ಹೀಗೆ ಹೆಂಡತಿ ಕಾಲನ್ನು ನಂಬಿದರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಗೊಣಗುತ್ತಿದ್ದ.

ಆಮೇಲೆ ಅತ್ತಿಗೆಗೆ ಸಕ್ಕರೆ ಕಾಯಿಲೆ ಬಂತು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಫ್ಲಾಸ್ಕಿನಲ್ಲಿ ಸಪ್ಪೆ ಚಹಾ ಬರತೊಡಗಿತು, ನಾನೂ ಅದನ್ನೇ ಕುಡಿದು ತ್ಯಾಗಿಯಂತೆ ಮುಖ ಮಾಡಿದೆ. ಆದರೆ ಒಳಗೆ ಇನ್ನೊಂದು ನಡೆಯುತ್ತಿತ್ತು. ಇದು ನಮಗೆಲ್ಲ ತಿಳಿದದ್ದು ಎಲ್ಲ ಮುಗಿದ ಮೇಲೆ, ಅತ್ತಿಗೆಯೇ ನಮ್ಮ ಮನೆಯವಳಿಗೆ ಹೇಳಿದ್ದರಿಂದ. ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಒಂದು ಸಂಜೆ ಅವರು ಕಾಲು ತೊಳೆಯುವಾಗ ಬಲಪಾದದಲ್ಲಿ ಒಂದು ಮೊಳೆ ನಾಟಿರುವುದು ಕಂಡಿತು. ಬೆಳಗಿನಿಂದ ಅದರ ಮೇಲೇ ಓಡಾಡಿದ್ದರು, ಗೊತ್ತೇ ಆಗಿರಲಿಲ್ಲ. ಮೊಳೆ ಕಿತ್ತು, ಗಾಯ ತೊಳೆದು, ಬಚ್ಚಲಿನಲ್ಲೇ ಕೂತು ಪಾದವನ್ನು ಚಿವುಟಿ ನೋಡಿದರು. ಯಾರದೋ ಕಾಲನ್ನು ಚಿವುಟಿದ ಹಾಗಿತ್ತು. ಆಗ ಅವರಿಗೆ ಹೊಳೆದದ್ದು ವೈದ್ಯರಲ್ಲ, ಆ ಸೀಟು. ಕಾಲಿಗೆ ಬಿಸಿ ತಿಳಿಯುವುದಿಲ್ಲವೆಂದು ಹೇಳಿದರೆ ಇವರು ಮೀಟರು ಹಾಕಿಸುತ್ತಾರೆ. ಮೀಟರು ಬಂದರೆ ನನಗೇನು ಕೆಲಸ? ಹುಷಾರಿಲ್ಲ, ಮನೆಯಲ್ಲಿರು ಅನ್ನುತ್ತಾರೆ. ಮತ್ತೆ ಅದೇ ಕಿಟಕಿ, ಅದೇ ಗೋಡೆ.

ಅವರು ಹೇಳಲಿಲ್ಲ. ಸುಮ್ಮನೆ ಅಂದಾಜಿನ ಮೇಲೆ ಬಿಟ್ಟರು ಎಂದುಕೊಳ್ಳಬೇಡಿ, ಅತ್ತಿಗೆ ಅಷ್ಟು ಹಗುರದವರಲ್ಲ. ಆ ಏರನ್ನು ಅವರು ಕಾಲಿನಿಂದ ಎಷ್ಟು ಸಲ ಓದಿದ್ದರೆಂದರೆ, ಎಲ್ಲಿ ಬೆಚ್ಚಗಾಗುತ್ತದೆ, ಎಲ್ಲಿ ಬಿಸಿಯಾಗುತ್ತದೆ ಎಂಬುದು ಕಣ್ಣಿಗೂ ಬಾಯಿಪಾಠವಾಗಿತ್ತು. ಕಲ್ಲಿನ ಕ್ವಾರಿ ಬಂದಾಗ "ಬೆಚ್ಚಗಾಯ್ತು". ನೀರಿನ ಟ್ಯಾಂಕು ದಾಟಿ ತಿರುವು ಬಂದಾಗ "ಸಾಕು". ಅನುಮಾನ ಬಂದರೆ ಫ್ಲಾಸ್ಕಿನ ಮುಚ್ಚಳ ಬಿದ್ದಂತೆ ಮಾಡಿ ಬಗ್ಗಿ, ಬೆರಳಿನ ಹಿಂಭಾಗದಿಂದ ತಗಡನ್ನು ಮುಟ್ಟಿ ನೋಡುತ್ತಿದ್ದರು. ಕಾಲನ್ನು ಮಾತ್ರ ತೂತಿನಿಂದ ತೆಗೆಯುತ್ತಿರಲಿಲ್ಲ, ತೆಗೆದರೆ ಅಣ್ಣ ಕೇಳುತ್ತಾರಲ್ಲ. ಗೇರ್‌ಬಾಕ್ಸಿಗೆ ಏನೂ ಆಗಲಿಲ್ಲ. ಅತ್ತಿಗೆಯ ಮುಚ್ಚಳ ಈಚೀಚೆಗೆ ಬಹಳ ಬೀಳುತ್ತದೆ ಎಂದು ಅಣ್ಣ ಹಾಸ್ಯ ಮಾಡುತ್ತಿದ್ದರು.

ಆ ದಿನ ನಾನೂ ವ್ಯಾನಿನಲ್ಲಿದ್ದೆ. ನನ್ನ ದೋಣಿ ಆಗಲೇ ಕೆರೆ ಸೇರಿತ್ತು. ಅದನ್ನು ಮಾತಾಡಿಸಿ ಬರೋಣವೆಂದು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅಂದು ಎಳೆಯುತ್ತಿದ್ದದ್ದು ಹೊಸ ಗಿರಾಕಿಯ ದೋಣಿ, ಒಳಗೆ ಮಂಚ, ಒಲೆ ಎಲ್ಲ ಇದ್ದದ್ದು. ಸಣ್ಣ ಮನೆಯನ್ನೇ ಕೊಂಡಿಗೆ ಸಿಕ್ಕಿಸಿದ ಹಾಗಿತ್ತು. ಅಣ್ಣ ಅದನ್ನು ನೋಡಿ ಮೊದಲು ಬೇಡವೆಂದರು. ಆ ಮನುಷ್ಯ ಭಾರವೇನಿಲ್ಲ, ಒಳಗೆಲ್ಲ ಖಾಲಿ ಎಂದು ಮತ್ತೆ ಮತ್ತೆ ಹೇಳಿದ. ಅಣ್ಣ ಬಿರಡೆ ತೆಗೆದು ನೋಡಿದರು, ನೀರಿರಲಿಲ್ಲ. ಟ್ರೇಲರಿನ ಮೇಲೆ ದೋಣಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು, ಹಗ್ಗ ಬಿಗಿದರು, ಗೇರ್ ಎಣ್ಣೆ ಅಳೆಯುವ ಕಡ್ಡಿ ಎಳೆದು ಬಣ್ಣ ನೋಡಿ ಮೂಸಿದರು. ಎಲ್ಲ ಸರಿಯಿತ್ತು. ಹೊರಡುವಾಗ ಆ ಗಿರಾಕಿ ದೋಣಿಯ ಮುಂದಿನ ಗಾಜನ್ನು ಬಿಚ್ಚಿ ತಂದು, ಇದು ದಾರಿಯಲ್ಲಿ ಒಡೆದೀತು, ಜೋಪಾನ ಎಂದು ಅತ್ತಿಗೆಯ ಮಡಿಲಲ್ಲಿಟ್ಟ. ಅತ್ತಿಗೆ ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡರು.

ಕೈ ಖಾಲಿ ಇರಲಿಲ್ಲ. ಬಗ್ಗುವ ಹಾಗಿರಲಿಲ್ಲ.

ಬಿಸಿಲು ಜೋರಾಗಿತ್ತು. ಅಣ್ಣ ಆ ದಿನ ಒಳ್ಳೆಯ ಮಾತಿನಲ್ಲಿದ್ದರು. ಅವರ ಅಪ್ಪ ಒಮ್ಮೆ ದೋಣಿಯ ಹಗ್ಗ ಬಿಚ್ಚದೆ ಗಂಟೆಗಟ್ಟಲೆ ಹುಟ್ಟು ಹಾಕಿದ ಕತೆಯನ್ನು ಹೇಳುತ್ತಿದ್ದರು. ಅದನ್ನು ಮೊದಲು ಎಷ್ಟೋ ಸಲ ಕೇಳಿರಬೇಕಾದ ಅತ್ತಿಗೆ ಗಾಜು ಅಲುಗಾಡುವಷ್ಟು ನಗುತ್ತಿದ್ದರು. ಕ್ವಾರಿ ಬಂತು. "ಬೆಚ್ಚಗಾಯ್ತು" ಅಂದರು. ಅಣ್ಣ ಗೇರು ಇಳಿಸಿದರು. ಕ್ವಾರಿಗೂ ಟ್ಯಾಂಕಿಗೂ ನಡುವೆ ವ್ಯಾನಿನ ಎಂಜಿನ್ನು ಇದ್ದಕ್ಕಿದ್ದಂತೆ ಜೋರಾಗಿ ಕೂಗಿತು, ವ್ಯಾನು ಮಾತ್ರ ಮುಂದೆ ಹೋಗಲಿಲ್ಲ. ಸೀದ ಹಾಲಿನಂಥ, ಅದಕ್ಕಿಂತ ಕಟುವಾದ ಒಂದು ವಾಸನೆ ಒಳಗೆಲ್ಲ ತುಂಬಿತು. ಅಣ್ಣ ಹ್ಯಾಂಡ್‌ಬ್ರೇಕ್ ಎಳೆದು, ಜಿಗಿದು, ಟ್ರೇಲರಿನ ಚಕ್ರಗಳಿಗೆ ಕಲ್ಲು ಕೊಟ್ಟರು. ನಾನೂ ಇಳಿದೆ. ಇಂಥ ಹೊತ್ತಿನಲ್ಲಿ ನನ್ನಂಥವರು ಮಾಡುವ ಕೆಲಸ ಒಂದೇ, ದಾರಿಗೆ ಅಡ್ಡ ನಿಲ್ಲುವುದು.

ಅಣ್ಣ ಕಡ್ಡಿ ಎಳೆದು ನೋಡಿದರು. ಕೆಂಪಗಿರಬೇಕಾದ ಎಣ್ಣೆ ಕಾಫಿಯ ಗಸಿಯ ಹಾಗೆ ಕಪ್ಪಗಿತ್ತು. ಅವರು ಬೈಯಲಿಲ್ಲ. ಕಿಟಕಿಯ ಹತ್ತಿರ ಬಂದು, "ಹೇಳಲಿಲ್ವಲ್ಲೇ" ಅಂದರು.

"ಬಿಸಿಯಾಗ್ಲೇ ಇಲ್ಲ ರೀ," ಅಂದರು ಅತ್ತಿಗೆ.

ನಾನು ಗಾಜನ್ನು ಅವರ ಕೈಯಿಂದ ತೆಗೆದುಕೊಂಡೆ. ಅವರು ಬಾಗಿಲು ತೆರೆದು ಕೆಳಗಿಳಿದು, ರಸ್ತೆಯಂಚಿನ ನೆರಳಿಗೆ ನಡೆದು ಹೋದರು. ಅಣ್ಣ ಎಣ್ಣೆ ಎಲ್ಲಾದರೂ ಸೋರುತ್ತಿದೆಯೇ ಎಂದು ವ್ಯಾನಿನ ಕೆಳಗೆ ಹುಡುಕುತ್ತಿದ್ದರು. ಅವರಿಗೆ ಟಾರಿನ ಮೇಲೆ ಒದ್ದೆ ಗುರುತು ಕಂಡಿತು. ಬಗ್ಗಿ ಬೆರಳಿನಿಂದ ಮುಟ್ಟಿ, ಮೂಗಿಗೆ ಹಿಡಿದರು. ಎಣ್ಣೆಯಲ್ಲ. ಆಮೇಲೆ ಅದೇ ಥರದ ಇನ್ನೊಂದು ಗುರುತು, ಅದರಾಚೆ ಮತ್ತೊಂದು. ಎಲ್ಲವೂ ಬಲಪಾದದ ಆಕಾರದಲ್ಲಿದ್ದವು, ನೆರಳಿನ ಕಡೆಗೆ ಹೋಗಿದ್ದವು.

ಅವರು ಮಂಡಿಯೂರಿ ಕೂತಲ್ಲಿಂದ ಏಳಲು ಬಹಳ ಹೊತ್ತು ಹಿಡಿಯಿತು. ಅತ್ತಿಗೆ ಅಲ್ಲಿಂದಲೇ, ಏನ್ರೀ, ತುಂಬಾ ಹಾಳಾಗಿದೆಯಾ ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಗೇರ್‌ಬಾಕ್ಸಿನ ವಿಷಯ.

ಆಸ್ಪತ್ರೆಯಲ್ಲಿ ವೈದ್ಯರು ಬೆಂದ ಪಾದವನ್ನು ತಿರುಗಿಸಿ ನೋಡಿ, ಅಲ್ಲಲ್ಲಿ ಸೂಜಿಯಿಂದ ಒತ್ತಿದರು. ಎಷ್ಟು ಕಾಲದಿಂದ ಸ್ಪರ್ಶ ಇಲ್ಲ ಎಂದು ಕೇಳಿದರು. ಅತ್ತಿಗೆ ಚಾವಣಿ ನೋಡಿದರು. ವೈದ್ಯರು ಮತ್ತೆ ಕೇಳಿದಾಗ, ಒಂದೆರಡು ಸೀಸನ್ನಿನಿಂದ ಅಂದರು. ವೈದ್ಯರಿಗೆ ಅದು ಅರ್ಥವಾಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದವರಿಗೆ ಅರ್ಥವಾಯಿತು. ಅಣ್ಣ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ.

"ಆ ತೂತು ನಾನೇ ಕತ್ತರಿಸಿದ್ದು," ಅಂದರು ಅಣ್ಣ.

ಗಾಯ ಮಾಯಲಿಲ್ಲ. ಸಕ್ಕರೆ ಮಾಯಲು ಬಿಡಲಿಲ್ಲ. ಮೊದಲು ಬೆರಳುಗಳು ಕಪ್ಪಾದವು, ಆಮೇಲೆ ಪಾದ. ಕೊನೆಗೆ ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನಮ್ಮ ಮನೆಯವಳು ಆ ದಿನಗಳಲ್ಲಿ ಆಸ್ಪತ್ರೆಯಲ್ಲೇ ಇದ್ದಳು. ಮೊಳೆಯ ಕತೆ, ಮುಚ್ಚಳದ ಕತೆ ಎಲ್ಲ ಅವಳಿಗೆ ಗೊತ್ತಾದದ್ದು ಆಗ. ಇವರಿಗೆ ಹೇಳಬೇಡಿ ಎಂದು ಅತ್ತಿಗೆ ಕೈ ಹಿಡಿದು ಕೇಳಿಕೊಂಡರಂತೆ. ಅಣ್ಣನಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೂ ಗೊತ್ತಿತ್ತು. ಆದರೂ ಆ ವಿಷಯ ಇಬ್ಬರ ನಡುವೆ ಬರಲಿಲ್ಲ.

ವ್ಯಾನು ಅತ್ತಿಗೆಗಿಂತ ಮೊದಲು ಗುಣವಾಗಿ ಮನೆಗೆ ಬಂತು. ಮೇಸ್ತ್ರಿ ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ ಕಟ್ಟಿದ್ದ. ಅಣ್ಣ ಹೇಳದಿದ್ದರೂ ಸ್ಟೇರಿಂಗಿನ ಪಕ್ಕ ಒಂದು ಹೊಸ ಮೀಟರು ಕೂರಿಸಿದ್ದ, ಅಂಕಿಗಳು ಹಸಿರಾಗಿ ಉರಿಯುವಂಥದ್ದು. ಮ್ಯಾಟನ್ನೂ ಬದಲಾಯಿಸಲು ಹೋದನಂತೆ, ಅಣ್ಣ ಬೇಡವೆಂದರಂತೆ.

ಅತ್ತಿಗೆ ಊರುಗೋಲಿನೊಂದಿಗೆ ಮನೆಗೆ ಬಂದ ಮೇಲೆ ಅಣ್ಣ ವ್ಯಾನಿನ ಬಾಗಿಲಿಗೆ ಒಂದು ಮರದ ಮೆಟ್ಟಿಲು ಮಾಡಿದರು. ಅತ್ತಿಗೆ ಅದನ್ನು ನೋಡಿ ಚೆನ್ನಾಗಿದೆ ಅಂದರು, ಹತ್ತಲಿಲ್ಲ. ಇನ್ನು ಮೀಟರಿದೆಯಲ್ಲ, ನೀವು ಹೋಗಿ ಬನ್ನಿ ಅಂದರು. ಅದರಲ್ಲಿ ಮುನಿಸಿರಲಿಲ್ಲ. ಕೆಲಸ ಬಿಟ್ಟವರು ತಮ್ಮ ಮೇಜನ್ನು ಒರೆಸಿಟ್ಟು ಹೋಗುತ್ತಾರಲ್ಲ, ಹಾಗಿತ್ತು ಆ ದನಿ.

ಮೊದಲ ದಿನ ಅಣ್ಣನ ಜೊತೆ ನಾನು ಹೋದೆ. ನಮ್ಮ ಮನೆಯವಳೇ ಕಳಿಸಿದಳು. ಮುಂದಿನ ಬಾಗಿಲಿಗೆ ಕೈ ಹಾಕಿದೆ. ಹಿಂದೆ ಕೂತ್ಕೊಳ್ಳಿ ಸಾರ್, ಅಲ್ಲಿ ಆರಾಮಾಗಿರುತ್ತೆ ಅಂದರು. ಹಗುರವಾದ ಸಣ್ಣ ದೋಣಿ. ಕ್ವಾರಿಗೆ ಇನ್ನೂ ದೂರವಿರುವಾಗಲೇ ಅಣ್ಣ ವ್ಯಾನು ನಿಲ್ಲಿಸಿದರು. ಮೀಟರು ತಣ್ಣಗಿದೆ ಅಂತ ತೋರಿಸುತ್ತಿದೆ ಎಂದೆ. ಅವರು ಪಕ್ಕಕ್ಕೆ ಬಾಗಿ, ಮ್ಯಾಟಿನ ತೂತಿನಲ್ಲಿ ತಮ್ಮ ಅಂಗೈಯಿಟ್ಟರು. ಎಷ್ಟೋ ಹೊತ್ತು ತೆಗೆಯಲಿಲ್ಲ. ಮತ್ತೆ ಹೊರಟೆವು, ಮತ್ತೆ ನಿಲ್ಲಿಸಿದರು. ಮತ್ತೆ ಅಂಗೈ. ದಾರಿಯಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಅಪ್ಪನ ಕತೆಯಿಲ್ಲ, ತಂಗಿಯ ಕತೆಯಿಲ್ಲ. ನಾನೇ ಏನೋ ತಮಾಷೆ ಹೇಳಿದೆ. ಅದು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ತಲುಪಲಿಲ್ಲ. ಕೆರೆ ಮುಟ್ಟುವ ಹೊತ್ತಿಗೆ ದೋಣಿಯ ಮಾಲೀಕ ಕಾದು ಕಾದು ಮನೆಗೆ ಹೋಗಿದ್ದ.

ಆ ವಾರವೇ ಅವರು ವ್ಯಾನನ್ನು ಮಾರಿದರು. ಕೊಂಡವನು ಗಟ್ಟಿಮುಟ್ಟಾದ ಹೊಸಬ, ಅದೇ ಕಸುಬಿಗೆ ಇಳಿಯುತ್ತಿದ್ದವನು. ಟ್ರೇಲರನ್ನೂ ಅವನಿಗೇ ಕೊಟ್ಟರು. ನಾವು ಅಣ್ಣನ ಮನೆಗೆ ಹೋದಾಗ ಗೇಟಿನ ಒಳಗೆ ಜಾಗ ಖಾಲಿಯಾಗಿತ್ತು, ನೆಲದ ಮೇಲೆ ಚಕ್ರಗಳ ಗುರುತು ಮಾತ್ರ ಉಳಿದಿತ್ತು. ಆ ಮನೆಯಲ್ಲಿ ನಾನು ಕೇಳಿದ ಒಂದೇ ಒಂದು ಜಗಳ ಅಂದು ನಡೆಯಿತು. ಜಗಳ ಅನ್ನುವುದೂ ಹೆಚ್ಚಾಯಿತು.

"ನನ್ನನ್ನ ಒಂದು ಮಾತು ಕೇಳದೆ ಹೆಂಗೆ ಮಾರಿದ್ರಿ?" ಅಂದರು ಅತ್ತಿಗೆ.

ಅಣ್ಣ ಖಾಲಿ ಜಾಗದ ಕಡೆ ನೋಡುತ್ತಾ ನಿಂತಿದ್ದರು. "ನೀನು ನನಗೆ ಹೇಳಿದ್ಯಾ?"

"ಹೇಳಿದ್ರೆ ಕರ್ಕೊಂಡು ಹೋಗ್ತಿದ್ರಾ?"

ಹೌದು ಅಂದುಬಿಡಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ, ಇಂಥ ಕಡೆ ಸುಳ್ಳು ನನಗೆ ತಾನಾಗಿ ಬರುತ್ತದೆ. ಅಣ್ಣ ಬಹಳ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಮುಖದಲ್ಲೇ ಕಾಣುತ್ತಿತ್ತು. ಆಮೇಲೆ, "ಇಲ್ಲ" ಅಂದರು.

ಅತ್ತಿಗೆ ತಲೆಯಾಡಿಸಿದರು. ತನ್ನ ಲೆಕ್ಕ ತಪ್ಪಿರಲಿಲ್ಲ ಎಂದು ತಿಳಿದ ಹಾಗೆ. ನಮ್ಮ ಮನೆಯವಳು ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ದಾರಿಯಲ್ಲಿ ಅವಳು ಅಳುತ್ತಿದ್ದಳು. ಯಾಕೆಂದು ಕೇಳುವಷ್ಟು ದಡ್ಡ ನಾನು ಆ ಹೊತ್ತಿಗೆ ಉಳಿದಿರಲಿಲ್ಲ.

ಈಗ ಅವರಿಬ್ಬರೂ ಮನೆಯಲ್ಲೇ ಇರುತ್ತಾರೆ. ಅಣ್ಣ ಗೇರ್‌ಬಾಕ್ಸ್ ಮೇಸ್ತ್ರಿಯ ಅಂಗಡಿಯಲ್ಲಿ ಅರ್ಧ ದಿನ ಕೂತು ನಟ್ಟು ಬೋಲ್ಟು ತೊಳೆದುಕೊಡುತ್ತಾರೆ, ಮಧ್ಯಾಹ್ನ ಬಂದು ಅಡುಗೆಯ ಪಾತ್ರೆ ಉಜ್ಜುತ್ತಾರೆ, ಅತ್ತಿಗೆಯ ಮೊಣಕಾಲಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತಾರೆ, ಇನ್ನೊಂದು ಪಾದವನ್ನು ದಿನವೂ ಬೆಳಕಿಗೆ ಹಿಡಿದು ಬೆರಳು ಬೆರಳಿನ ಸಂದು ಬಿಡಿಸಿ ನೋಡುತ್ತಾರೆ. ಎಲ್ಲವನ್ನೂ ಮಾಡುತ್ತಾರೆ, ಮಾತು ಮಾತ್ರ ಇಲ್ಲ. ಅದಕ್ಕೆ ಅವರಿಗೆ ಸ್ಟೇರಿಂಗೇ ಬೇಕೇನೋ. ನಮ್ಮ ಮನೆಯವಳು ಒಮ್ಮೆ, ನಿಮ್ಮ ಕಾರನ್ನಾದರೂ ಅವರ ಕೈಗೆ ಕೊಡಿ, ಅತ್ತಿಗೆಯನ್ನ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರಲಿ ಅಂದಳು. ಕೊಟ್ಟೆ. ಅಣ್ಣ ಬಾನೆಟ್ ಎತ್ತಿ ನೋಡಿ, ಎಣ್ಣೆ ಬದಲಾಯಿಸಿ, ತೊಳೆದು, ಸಂಜೆ ಕೀಲಿ ವಾಪಸು ತಂದು ಕೊಟ್ಟರು.

ಮೊನ್ನೆ ಗಾಳಿ ನಿಂತು ಸೀಸನ್ ಶುರುವಾಯಿತು. ಸಂಜೆ ನಾವಿಬ್ಬರೂ ಅವರ ಮನೆಯ ಜಗುಲಿಯಲ್ಲಿ ಸಪ್ಪೆ ಚಹಾ ಕುಡಿಯುತ್ತಾ ಕೂತಿದ್ದೆವು. ಅತ್ತಿಗೆ ಒಳಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು, ಅಲ್ಲಿಂದ ಬೀದಿ ಕಾಣುವುದಿಲ್ಲ. ಅಣ್ಣ ಗೇಟಿನ ಹತ್ತಿರ ನಿಂತಿದ್ದರು. ಹೊಸಬ ಅದೇ ವ್ಯಾನಿನಲ್ಲಿ ಒಂದು ದೊಡ್ಡ ದೋಣಿ ಎಳೆದುಕೊಂಡು ಬೀದಿಯಲ್ಲಿ ಹೋದ. ನನಗೆ ಕೇಳಿಸಿದ್ದು ಬರಿಯ ಒಂದು ವ್ಯಾನಿನ ಸದ್ದು. ಅವರಿಬ್ಬರೂ ಅದು ಬೀದಿಯ ಆ ತುದಿಯಲ್ಲಿ ಏರು ಹಿಡಿದು ದೂರವಾಗುವ ತನಕ ಅಲುಗಾಡಲಿಲ್ಲ.

"ಟಾಪಲ್ಲೇ ಎಳೀತಿದಾನೆ," ಅಂದರು ಅತ್ತಿಗೆ.

ಅಣ್ಣ ಗೇಟಿನ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಒಳಗೆ ಬಂದು ಜಗುಲಿಯ ಅಂಚಿನಲ್ಲಿ ಕೂತರು.

ಅತ್ತಿಗೆ ಲೋಟದ ತಳ ನೋಡುತ್ತಿದ್ದರು. "ಮುಂದಿನ ಸೀಟಲ್ಲಿ ಯಾರಿದ್ರು?"

"ಯಾರೂ ಇರ್ಲಿಲ್ಲ," ಅಂದರು ಅಣ್ಣ. "ಹಗ್ಗದ ಸುರುಳಿ ಇಟ್ಟಿದ್ದ."

"ಒದ್ದೆ ಹಗ್ಗನಾ?"

"ನೀರು ತೊಟ್ಟಿಕ್ತಾ ಇತ್ತು."

"ಒದ್ದೆ ಹಗ್ಗ ಇಟ್ರೆ ಸೀಟಿನ ಸ್ಪಂಜು ಕೊಳೆತು ಹೋಗುತ್ತೆ ಅಂತ ಯಾರಾದ್ರೂ ಅವನಿಗೆ ಹೇಳಬಾರ್ದಾ," ಅಂದರು ಅತ್ತಿಗೆ.

ಅಣ್ಣ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಗೇಟಿನವರೆಗೆ ಹೋಗಿ, ಅಲ್ಲಿ ನಿಂತು, ವಾಪಸು ಬಂದು ಅತ್ತಿಗೆಯ ಕೈಯಿಂದ ಖಾಲಿ ಲೋಟ ಇಸಿದುಕೊಂಡು ತೊಳೆಯಲು ಒಳಗೆ ಹೋದರು.